ಉಪವಾಸ ಯಾರ ತಟ್ಟೆಯಲ್ಲಿ?

ಲೆಂಟ್ ಕಾಲ ಹತ್ತಿರ ಬಂತೆಂದರೆ ನಮ್ಮ ಲೈನ್ ಮನೆಗಳಿಗೆ ಒಂದು ಲಕೋಟೆ ಬರುತ್ತದೆ. ನಲವತ್ತು ದಿವಸ ದಿನಕ್ಕೆ ಒಂದು ಹೊತ್ತಿನ ಊಟ ಬಿಡಿರಿ, ಆ ಕಾಸನ್ನು ಇದರಲ್ಲಿ ಕೂಡಿಸಿರಿ, ಗರಿಗಳ ಭಾನುವಾರ ಕಾಣಿಕೆ ತಟ್ಟೆಯಲ್ಲಿ ಇಡಿರಿ ಎಂಬುದಾಗಿ ಹೇಳಿ ಕೊಡುತ್ತಾರೆ. ಯಾವ ಮನೆಯಿಂದ ಎಷ್ಟು ಬಂತೆಂದು ಹೆಸರು ಓದಿ ಹೇಳುವ ಪದ್ಧತಿಯೂ ಕೆಲವು ಸಭೆಗಳಲ್ಲಿ ಉಂಟು. ಈ ಲಕೋಟೆಯ ವಿರುದ್ಧ ನಾವು ಬರೆಯುತ್ತಿದ್ದೇವೆ. ಲೆಂಟ್ ಕಾಲದ ವಿರುದ್ಧ ಅಲ್ಲ, ಉಪವಾಸದ ವಿರುದ್ಧವೂ ಅಲ್ಲ. ಉಪವಾಸವನ್ನು ಯಾರ ತಟ್ಟೆಗೆ ಬಡಿಸುತ್ತಿದ್ದಾರೆ ಎಂಬುದೇ ನಮ್ಮ ತಕರಾರು.

ಈ ನಲವತ್ತು ದಿವಸ ಯಾವ ಋತುವಿನಲ್ಲಿ ಬರುತ್ತದೆ ನೋಡಿರಿ. ಫೆಬ್ರವರಿ, ಮಾರ್ಚಿ. ನೀಲಗಿರಿಯಲ್ಲಿ ಹಿಮಕ್ಕೆ ಚಿಗುರು ಸುಟ್ಟುಹೋದ ಮೇಲೆ, ಬೇಸಿಗೆಯ ಮೊದಲ ಮಳೆ ಬೀಳುವ ಮುಂಚೆ. ಗಿಡದಲ್ಲಿ ಎಲೆ ಇರುವುದಿಲ್ಲ. ಎಲೆ ಇಲ್ಲದಿದ್ದರೆ ಹೆಚ್ಚಿನ ಕಿಲೋಗೆ ಸಿಗುವ ಕಾಸೂ ಇಲ್ಲ. ವಯನಾಡಿನ ಕಡೆ ಕಾಫಿ ಹಣ್ಣಿನ ಕೊಯ್ಲು ಮುಗಿಯುತ್ತಾ ಬಂದಿರುತ್ತದೆ, ಹಂಗಾಮಿ ಆಳುಗಳನ್ನು ಒಬ್ಬೊಬ್ಬರಾಗಿ ನಿಲ್ಲಿಸುತ್ತಾರೆ. ಅಂಗಡಿಯ ಸಾಲದ ಪುಸ್ತಕ ತುಂಬುವ ತಿಂಗಳುಗಳು ಇವೇ. ನಮ್ಮ ತಾಯಂದಿರು ಈ ಕಾಲದಲ್ಲಿ ಮಕ್ಕಳಿಗೆ ಬಡಿಸಿ, ಗಂಡನಿಗೆ ಬಡಿಸಿ, ಪಾತ್ರೆ ತೊಳೆದ ನೀರು ಕುಡಿದು ಮಲಗುವುದು ಹೊಸ ಸಂಗತಿಯಲ್ಲ. ಅದಕ್ಕೆ ಯಾರೂ ಲೆಂಟ್ ಎಂದು ಹೆಸರಿಟ್ಟಿಲ್ಲ, ಅಷ್ಟೆ. ಆ ತಾಯಿಯ ಕೈಗೆ ಲಕೋಟೆ ಕೊಟ್ಟು, ಅಮ್ಮಾ, ದೇವರಿಗೋಸ್ಕರ ಒಂದು ಹೊತ್ತು ಬಿಡು ಎಂದು ಹೇಳುವವನಿಗೆ ಅವಳ ಅಡಿಗೆ ಮನೆಯ ಲೆಕ್ಕ ಗೊತ್ತಿಲ್ಲ, ಇಲ್ಲವೆ ಗೊತ್ತಿದ್ದೂ ಹೇಳುತ್ತಾನೆ.

ನಮ್ಮ ಪೂರ್ವಿಕ ಸಭೆಗಳು ಈ ವಿಷಯದಲ್ಲಿ ಎಲ್ಲಿಂದ ಹೊರಟವು ಎಂಬುದನ್ನು ನಮ್ಮ ಪ್ರಸಂಗಪೀಠಗಳಿಂದ ಹೇಳುವುದು ಅಪರೂಪ. ಆದುದರಿಂದ ಇಲ್ಲಿ ಹೇಳುತ್ತೇವೆ. ಸ್ವಿಟ್ಜರ್ಲೆಂಡಿನ ಜೂರಿಚ್ ಪಟ್ಟಣ, 1522ನೇ ಇಸವಿ, ಲೆಂಟ್ ಕಾಲದ ಮೊದಲನೆಯ ಭಾನುವಾರ. ಕ್ರಿಸ್ಟೋಫ್ ಫ್ರೋಶೌವರ್ ಎಂಬ ಮುದ್ರಣಕಾರನ ಮನೆ. ಫ್ರಾಂಕ್‌ಫರ್ಟಿನ ಜಾತ್ರೆಯೊಳಗೆ ಪೌಲನ ಪತ್ರಿಕೆಗಳ ಪುಸ್ತಕ ಅಚ್ಚಾಗಬೇಕಿತ್ತು. ಅದಕ್ಕಾಗಿ ಹಬ್ಬವೆನ್ನದೆ ಹರಿದಿನವೆನ್ನದೆ ಹಗಲು ರಾತ್ರಿ ಕೆಲಸ. ಆ ಕಾಲದಲ್ಲಿ ಲೆಂಟ್ ದಿನಗಳಲ್ಲಿ ಮಾಂಸ ತಿನ್ನುವುದು ಶಿಕ್ಷೆಗೆ ಗುರಿಯಾಗುವ ಅಪರಾಧ. ಅಂದು ಆ ಮನೆಯಲ್ಲಿ ಕೂಡಿದವರು ಒಣಗಿಸಿದ ಎರಡು ಸಾಸೇಜುಗಳನ್ನು ಚೂರು ಚೂರು ಮಾಡಿ ಹಂಚಿ ತಿಂದರು. ಹುಲ್ರಿಕ್ ಜ್ವಿಂಗ್ಲಿ ಎಂಬ ಬೋಧಕರೂ ಅಲ್ಲೇ ಇದ್ದರು, ಆದರೆ ತಿನ್ನಲಿಲ್ಲ. ಸುದ್ದಿ ಪಟ್ಟಣದಲ್ಲಿ ಹಬ್ಬಿ ನಗರದ ಆಡಳಿತ ಸಭೆ ವಿಚಾರಣೆಗೆ ಕರೆಯಿತು. ಫ್ರೋಶೌವರ್ ಕೊಟ್ಟ ಉತ್ತರ ನೇರವಾದದ್ದು: ಇಷ್ಟು ಕೆಲಸ ಇರುವಾಗ ಬರೀ ಅಂಬಲಿಯಿಂದ ದೇಹ ನಿಲ್ಲದು, ದಿನವೂ ಮೀನು ಕೊಳ್ಳುವ ಶಕ್ತಿಯೂ ಇಲ್ಲ.

(ಫ್ರೋಶೌವರ್ ಸಹ ಮಾಲೀಕನೇ. ಹಗಲು ರಾತ್ರಿ ದುಡಿಸಿಕೊಂಡವನೂ ಅವನೇ. ಅದನ್ನು ನಾವು ಮರೆತಿಲ್ಲ. ಆದರೂ ಆಳಿನ ಹೊಟ್ಟೆಯ ಮಾತನ್ನು ನ್ಯಾಯದ ಮುಂದೆ ಎತ್ತಿ ಆಡಿದ ಮಾಲೀಕರು ಎಷ್ಟು ಮಂದಿ ಇದ್ದಾರೆ?)

ಮಾರ್ಚಿ 23ರಂದು ಜ್ವಿಂಗ್ಲಿ ಇದೇ ವಿಷಯದ ಮೇಲೆ ಪ್ರಸಂಗ ಮಾಡಿದರು, ಮುಂದಿನ ತಿಂಗಳು ಅದು ಅಚ್ಚಾಯಿತು. ಉಪವಾಸ ಮಾಡುವವನು ಮಾಡಲಿ, ಮಾಡದವನನ್ನು ಬಲವಂತ ಮಾಡಬಾರದು ಎಂಬುದು ಅದರ ಸಾರ. ಅದರಲ್ಲಿ ಇನ್ನೊಂದು ಮಾತಿದೆ, ಅದನ್ನು ನಮ್ಮ ಜನ ಕೇಳಬೇಕು. ಕೆಲಸವಿಲ್ಲದೆ ಕೂತು ಉಣ್ಣುವವನಿಗೆ ಉಪವಾಸ ಬೇಕಾದೀತು, ಗುದ್ದಲಿ ನೇಗಿಲು ಹಿಡಿದವನ ದೇಹವನ್ನು ಹೊಲವೇ ಅಡಗಿಸುತ್ತದೆ ಎಂಬ ಅರ್ಥದಲ್ಲಿ ಅವರು ಹೇಳಿದರು. ಈಗ ಪ್ರೆಸ್ಬಿಟೇರಿಯನ್, ಸುಧಾರಿತ ಎಂದು ಕರೆಯಿಸಿಕೊಳ್ಳುವ ಸಭೆಗಳ ಒಂದು ಮೂಲ ಇಲ್ಲಿದೆ: ದುಡಿಯುವವನ ಊಟದ ಮೇಜಿನಲ್ಲಿ.

ಆಮೇಲೆ ಜಿನೀವಾದ ಕ್ಯಾಲ್ವಿನ್ ಇನ್ನೂ ಬಿಗಿಯಾಗಿ ಬರೆದರು. ಕರ್ತನು ಅರಣ್ಯದಲ್ಲಿ ನಲವತ್ತು ದಿವಸ ಉಪವಾಸವಿದ್ದದ್ದು ಒಂದೇ ಸಲ, ವರ್ಷ ವರ್ಷ ಅಲ್ಲ, ಶಿಷ್ಯರಿಗೆ ಅದನ್ನು ವಿಧಿಸಲೂ ಇಲ್ಲ ಎಂಬುದು ಅವರ ವಾದ. ಸ್ಕಾಟ್ಲೆಂಡಿನ ಸಭೆ 1560ರಲ್ಲಿ ಶಾಸ್ತ್ರದ ಆಧಾರವಿಲ್ಲದ ಹಬ್ಬಹರಿದಿನಗಳನ್ನು ಕಿತ್ತುಹಾಕಿತು. ಹಾಗಾದರೆ ನಮಗೆ ಈ ಕಾಲ ಎಲ್ಲಿಂದ ಬಂತು? 1908ರಲ್ಲಿ ಪ್ರೆಸ್ಬಿಟೇರಿಯನರೂ ಕಾಂಗ್ರಿಗೇಷನಲ್ ಸಭೆಯವರೂ ಕೂಡಿ ದಕ್ಷಿಣ ಭಾರತ ಐಕ್ಯ ಸಭೆ ಆಯಿತು. 1919ರಲ್ಲಿ ಮಲಬಾರಿನ ಬಾಸೆಲ್ ಮಿಷನ್ ಸಭೆಗಳು ಅದಕ್ಕೆ ಸೇರಿದವು. ಬಾಸೆಲ್ ಮಿಷನ್ ನಮಗೆ ಗೊತ್ತಿಲ್ಲದ್ದಲ್ಲ, 1846ರಲ್ಲಿ ನೀಲಗಿರಿಯ ಕೇತಿಗೆ ಬಂದು ಕನ್ನಡದಲ್ಲಿ ಸಾರಿದವರು ಅವರೇ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಸಭೆಗಳೂ ಕೂಡಿ ಚರ್ಚ್ ಆಫ್ ಸೌತ್ ಇಂಡಿಯಾ ಆಯಿತು. ಆ ಕೂಟದಲ್ಲಿ ಆಂಗ್ಲಿಕನರು ತಮ್ಮ ಸಭಾ ಪಂಚಾಂಗವನ್ನು ತಂದರು, ಪ್ರೆಸ್ಬಿಟೇರಿಯನರು ಸಭಾ ಹಿರಿಯರನ್ನು ತಂದರು. ಎರಡೂ ಒಳ್ಳೆಯದೇ. ಆದರೆ ಪಂಚಾಂಗ ಲೈನಿನ ತನಕ ಬಂತು, ಹಿರಿಯನ ಕುರ್ಚಿ ಬಂಗಲೆಯ ದಾರಿಯಲ್ಲೇ ನಿಂತುಬಿಟ್ಟಿತು. ಆ ಮಾತಿಗೆ ಆಮೇಲೆ ಬರುತ್ತೇವೆ.

ಹಾಗಾದರೆ ಉಪವಾಸವೇ ಬೇಡವೆ ಎಂದು ಕೇಳುತ್ತಾರೆ. ಬೇಕು. ಯೆಶಾಯನ 58ನೇ ಅಧ್ಯಾಯವನ್ನು ಲೆಂಟ್ ಕಾಲದಲ್ಲಿ ಓದದ ಸಭೆ ಇಲ್ಲ. ಆದರೆ ಅಲ್ಲಿ ದೇವರ ದೂರು ಯಾರ ಮೇಲೆ? ಉಪವಾಸದ ದಿನದಲ್ಲೇ ತಮ್ಮ ವ್ಯವಹಾರ ನೋಡಿಕೊಂಡು ಆಳುಗಳನ್ನು ಹಿಂಡುವವರ ಮೇಲೆ. ಊಟ ಬಿಟ್ಟಿಲ್ಲವೆಂದು ಆಳಿನ ಮೇಲೆ ಒಂದು ದೂರೂ ಆ ಅಧ್ಯಾಯದಲ್ಲಿ ಇಲ್ಲ. ನೊಗ ಬಿಚ್ಚು, ಹಸಿದವನಿಗೆ ಹಂಚು ಎಂಬ ಆಜ್ಞೆಯು ಕೈಯಲ್ಲಿ ನೊಗದ ಹಗ್ಗ ಇರುವವನಿಗೆ ಕೊಟ್ಟದ್ದು.

ಇದಕ್ಕಿಂತ ಬಿಚ್ಚಿ ಹೇಳುವ ಅಧ್ಯಾಯ ಒಂದಿದೆ, ನಮ್ಮಲ್ಲಿ ಬಹಳ ಕಡಿಮೆ ಓದುವುದು: ನೆಹೆಮೀಯನ 5ನೆಯದು. ಯೆರೂಸಲೇಮಿನ ಗೋಡೆ ಕಟ್ಟುತ್ತಿದ್ದ ಕಾಲ. ಜನರೂ ಅವರ ಹೆಂಡತಿಯರೂ ಕೂಗಿಕೊಂಡರು. ಹೆಂಡತಿಯರು ಎಂಬುದನ್ನು ಗ್ರಂಥವೇ ಬೇರೆಯಾಗಿ ಹೇಳುತ್ತದೆ. ಧಾನ್ಯಕ್ಕಾಗಿ ಹೊಲ, ದ್ರಾಕ್ಷೆ ತೋಟ, ಮನೆ ಒತ್ತೆ ಇಟ್ಟಿದ್ದೇವೆ, ಮಕ್ಕಳನ್ನು ಜೀತಕ್ಕೆ ಕಳುಹಿಸುತ್ತಿದ್ದೇವೆ ಎಂದರು. ಸಾಲ ಕೊಟ್ಟವರು ಅನ್ಯರಲ್ಲ, ಸ್ವಂತ ಸಹೋದರರು. ನೆಹೆಮೀಯನು ಅವರಿಗೆ ತಾಳ್ಮೆಯ ಪ್ರಸಂಗ ಮಾಡಲಿಲ್ಲ. ದೊಡ್ಡ ಸಭೆ ಕೂಡಿಸಿ, ಶ್ರೀಮಂತರನ್ನು ಎಲ್ಲರ ಮುಂದೆ ನಿಲ್ಲಿಸಿ, ಒತ್ತೆ ಇಟ್ಟುಕೊಂಡದ್ದನ್ನೂ ಬಡ್ಡಿಯನ್ನೂ ಈ ಹೊತ್ತೇ ಹಿಂದಕ್ಕೆ ಕೊಡಿರಿ ಎಂದನು. ಪ್ರಮಾಣ ಮಾಡಿಸಿ ಬಿಟ್ಟನು. ಮತ್ತೆ ತಾನೇನು ಮಾಡಿದನು? ಅಧಿಪತಿಗೆ ಸಲ್ಲುವ ಊಟದ ಭತ್ಯವನ್ನು ಹನ್ನೆರಡು ವರ್ಷ ಮುಟ್ಟಲಿಲ್ಲ. ಜನರ ಮೇಲೆ ಭಾರ ಬಹಳವಾಗಿತ್ತು ಎಂಬುದೇ ಅವನು ಕೊಟ್ಟ ಕಾರಣ. ನಾವು ಹುಡುಕುವ ಲೆಂಟ್ ಇದು. ಮೇಲೆ ಕೂತವನು ತನಗೆ ಹಕ್ಕಾದದ್ದನ್ನು ಬಿಟ್ಟ ಉಪವಾಸ.

ಈಗ ನಮ್ಮ ಸಭೆಗಳ ಒಳಗೆ ನೋಡೋಣ. ಭಾನುವಾರ ಒಂದೇ ಬೆಂಚಿನಲ್ಲಿ ಕೂತು ಒಂದೇ ಪಾತ್ರೆಯಿಂದ ಕರ್ತನ ಭೋಜನ ತೆಗೆದುಕೊಳ್ಳುವ ಇಬ್ಬರಲ್ಲಿ, ಒಬ್ಬನ ಪೆಟ್ಟಿಗೆಯಲ್ಲಿ ಇನ್ನೊಬ್ಬನ ಬ್ಯಾಂಕ್ ಪಾಸ್‌ಪುಸ್ತಕ, ಎ.ಟಿ.ಎಂ. ಕಾರ್ಡು, ಕೆಲವು ಸಲ ರೇಷನ್ ಕಾರ್ಡು ಸಹ ಒತ್ತೆ ಬಿದ್ದಿರುತ್ತದೆ. ಸಂಬಳದ ದಿನ ಕಾರ್ಡು ಹಿಡಿದು ಪೇಟೆಗೆ ಇಳಿಯುವವನು ಸಾಲಗಾರನಲ್ಲ, ಸಾಲ ಕೊಟ್ಟವನು. ಬಡ್ಡಿ ಮುರಿದು ಉಳಿದದ್ದನ್ನು ಲೈನಿಗೆ ತಂದುಕೊಡುತ್ತಾನೆ. ಅಂಥವನು ಮಾಂಸ ಬಿಟ್ಟು ನಲವತ್ತು ದಿವಸ ಸೊಪ್ಪು ತಿಂದರೆ ಪರಲೋಕದಲ್ಲಿ ಸಂತೋಷವಾಗುವುದೆ? ಸಭೆಯು ಇವನಿಗೆ ಕೊಡಬೇಕಾದ ಲೆಂಟ್ ಶಿಸ್ತು ಒಂದೇ. ಬೂದಿ ಬುಧವಾರ ಕಾರ್ಡುಗಳನ್ನು ತಂದು ಅವರವರ ಕೈಗೆ ಕೊಡಲಿ. ಅಸಲು ತೀರುವ ತನಕ ಬಡ್ಡಿ ನಿಲ್ಲಲಿ.

ಇದು ಹೊಸ ಕಲ್ಪನೆಯಲ್ಲ. ಸ್ಕಾಟ್ಲೆಂಡಿನ ಹಳೆಯ ಸಭೆಗಳಲ್ಲಿ ಕರ್ತನ ಭೋಜನಕ್ಕೆ ಮುಂಚೆ ಸಭಾ ಹಿರಿಯರು ವಿಚಾರಿಸಿ, ಯೋಗ್ಯರಾದವರಿಗೆ ಸೀಸದ ಒಂದು ಬಿಲ್ಲೆ ಕೊಡುತ್ತಿದ್ದರು. ಬಿಲ್ಲೆ ಇಲ್ಲದವನಿಗೆ ಮೇಜಿಲ್ಲ. ನೆರೆಯವನೊಂದಿಗೆ ಜಗಳ ತೀರದಿದ್ದರೆ ಬಿಲ್ಲೆ ಸಿಗುತ್ತಿರಲಿಲ್ಲ. ಭೋಜನಕ್ಕೆ ಹಿಂದಿನ ಗುರುವಾರ ಊರಿಗೆಲ್ಲಾ ಉಪವಾಸದ ದಿನ, ಅಂದರೆ ಕೆಲಸಕ್ಕೂ ರಜೆ. ಕೆಲಸ ನಿಲ್ಲಿಸದೆ ಬರೀ ಊಟ ನಿಲ್ಲಿಸುವ ಉಪವಾಸ ಅವರಿಗೆ ತೋಚಿರಲಿಲ್ಲ! ಆ ಪದ್ಧತಿಯಲ್ಲಿ ಕೇಡೂ ಇತ್ತೆಂಬುದು ನಿಜ. ತಪ್ಪಿದ ಬಡ ಹೆಂಗಸನ್ನು ಸಭೆಯ ಮುಂದೆ ಪೀಠದ ಮೇಲೆ ಕೂರಿಸಿ ನಾಚಿಸಿದರು, ಜಮೀನ್ದಾರನಿಗೆ ಆ ಪೀಠ ತಾಗುವುದು ಅಪರೂಪವಾಗಿತ್ತು. ಹಿರಿಯರ ಕಣ್ಣು ಯಾವ ಕಡೆ ತಿರುಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಈಗ ಹಿರಿಯನ ಕುರ್ಚಿಗೆ ಬರೋಣ. ಪ್ರೆಸ್ಬಿಟರ್ ಎಂಬ ಗ್ರೀಕ್ ಮಾತಿಗೆ ಹಿರಿಯ ಎಂದೇ ಅರ್ಥ. ಒಬ್ಬ ಬಿಷಪನೂ ಅಲ್ಲ, ಒಬ್ಬ ದೊರೆಯೂ ಅಲ್ಲ, ಜನರು ಒಪ್ಪಿ ಆರಿಸಿದ ಹಿರಿಯರು ಸಭೆಯನ್ನು ನಡೆಸಬೇಕೆಂಬುದಕ್ಕೆ ಆ ಹೆಸರು ಬಂದದ್ದು. ನಮ್ಮ ತೋಟದ ಸಭೆಗಳಲ್ಲಿ ಹಿರಿಯರು ಯಾರು? ರೈಟರು, ಕಂಡಕ್ಟರು, ಮೇಸ್ತ್ರಿ, ಫ್ಯಾಕ್ಟರಿ ಗುಮಾಸ್ತ. ವಾರವಿಡೀ ನಮ್ಮ ಚೀಲದ ತೂಕದಲ್ಲಿ ನೀರಿನ ಲೆಕ್ಕ ಮುರಿಯುವವರು ಭಾನುವಾರ ನಮ್ಮ ಭಕ್ತಿಯನ್ನೂ ತೂಗುತ್ತಾರೆ. ಎಲೆ ಕೊಯ್ಯುವವರಲ್ಲಿ ಹೆಂಗಸರೇ ಹೆಚ್ಚು, ದೇವಾಲಯ ಗುಡಿಸುವವರೂ ಅವರೇ, ಸಭಾ ಕಮಿಟಿಯಲ್ಲಿ ಮಾತ್ರ ಕಾಣುವುದಿಲ್ಲ. ಹೆಂಗಸರಿಗೆ ಆಡಳಿತ ತಿಳಿಯದು ಎನ್ನುವವರು ಕೇಳಲಿ: ನಮ್ಮ ಇದೇ ಸಭೆಯಲ್ಲಿ 2013ರಲ್ಲಿ ನಂದ್ಯಾಲಕ್ಕೆ ಒಬ್ಬ ಸ್ತ್ರೀ ಬಿಷಪ್ ಆದರು. 2015ರ ಸೆಪ್ಟೆಂಬರಿನಲ್ಲಿ ಮೂನ್ನಾರಿನಲ್ಲಿ ಬೋನಸ್ಸನ್ನು ಶೇ. 20ರಿಂದ 10ಕ್ಕೆ ಇಳಿಸಿದಾಗ ಎಲೆ ಕೊಯ್ಯುವ ಸಾವಿರಾರು ಹೆಂಗಸರು, ಯೂನಿಯನಿನ ಗಂಡಸು ಮುಖಂಡರನ್ನು ದೂರ ನಿಲ್ಲಿಸಿ, ಒಂಬತ್ತು ದಿವಸ ರಸ್ತೆಯಲ್ಲಿ ಕೂತು ಶೇ. 20ನ್ನೇ ಪಡೆದು ಎದ್ದರು. ಅಷ್ಟು ನಡೆಸಬಲ್ಲವರು ಕಾಣಿಕೆಯ ಲೆಕ್ಕ ಬರೆಯಲಾರರೆ?

ಇದು ರಾಜಕೀಯ, ಲೆಂಟ್ ಧ್ಯಾನವಲ್ಲ ಎಂದು ಕೆಲವರು ಹೇಳುತ್ತಾರೆ. ಯಾಕೋಬನ ಪತ್ರಿಕೆಯ 5ನೇ ಅಧ್ಯಾಯದಲ್ಲಿ, ಹೊಲ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿಯೇ ಬಾಯಿ ತೆರೆದು ಕೂಗುತ್ತದೆ. ಅದೂ ರಾಜಕೀಯವಾದರೆ ಸತ್ಯವೇದದ ಎಷ್ಟು ಹಾಳೆ ಹರಿಯಬೇಕೋ ಅವರೇ ಹೇಳಲಿ.

ಕುಡಿತದ ಮಾತೂ ಬರುತ್ತದೆ, ಅದನ್ನು ತಪ್ಪಿಸಿಕೊಳ್ಳುವವರು ನಾವಲ್ಲ. ಲೆಂಟ್ ಮುಗಿಯುವ ತನಕ ಕುಡಿಯುವುದಿಲ್ಲವೆಂದು ಹೇಳಿ ಹೊಗಳಿಸಿಕೊಳ್ಳುವ ಗಂಡಸರು ನಮ್ಮ ಲೈನಿನಲ್ಲಿದ್ದಾರೆ. ಸಹೋದರನೇ, ಅದು ದೇವರಿಗೆ ಕೊಟ್ಟ ಕಾಣಿಕೆಯಲ್ಲ, ಹೆಂಡತಿಗೆ ತೀರಿಸುವ ಬಾಕಿ. ಈಸ್ಟರ್ ಸಂಜೆ ಮತ್ತೆ ಅಂಗಡಿಗೆ ಹೋದರೆ ಬಾಕಿ ಮತ್ತೆ ಏರುತ್ತದೆ.

ಬಾಕಿ ಎಂದಾಗ ಇನ್ನೊಂದು. ಕೆಲಸದಿಂದ ನಿಂತವರ ಗ್ರಾಚ್ಯುಯಿಟಿ ವರ್ಷಗಟ್ಟಲೆ ಕೈಸೇರದ ಮನೆಗಳು ನಮ್ಮ ಸಭೆಗಳಲ್ಲಿ ಉಂಟು. 1972ರ ಕಾಯಿದೆಯಲ್ಲಿ ಇದ್ದದ್ದೇ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ: ಸೇವೆಯ ವರ್ಷವೊಂದಕ್ಕೆ 15 ದಿವಸದ ಕೂಲಿ, 30 ದಿವಸದೊಳಗೆ ಕೊಡತಕ್ಕದ್ದು. ಬೆನ್ನು ಬಾಗಿದ ಮುದುಕಿ ಒಬ್ಬಳೇ ಆಫೀಸಿನ ಬಾಗಿಲಿಗೆ ಹೋದರೆ ನಾಳೆ ಬಾ ಎನ್ನುತ್ತಾರೆ. ಈ ಲೆಂಟ್ ಕಾಲದಲ್ಲಿ ಪ್ರತಿ ಸಭೆಯ ಹಿರಿಯರು ಲೈನ್ ಲೈನಿಗೆ ನಡೆದು, ಯಾರಿಗೆ ಎಷ್ಟು ವರ್ಷದ ಸೇವೆ, ಯಾವ ತಾರೀಕು ನಿಂತರು, ಎಷ್ಟು ಬರಬೇಕು ಎಂದು ಬರೆದುಕೊಳ್ಳಲಿ. ಅದಕ್ಕೆ ಲೈನಿನ ಇಬ್ಬರು ಹೆಂಗಸರು ಸಾಕ್ಷಿ ಹಾಕಲಿ. ಸಭಾಪಾಲಕರು ಆ ಪಟ್ಟಿಯನ್ನು ಹಿಡಿದು, ಮುದುಕಿಯನ್ನು ಮುಂದಿಟ್ಟುಕೊಂಡು, ಗರಿಗಳ ಭಾನುವಾರಕ್ಕೆ ಮೊದಲು ಆಫೀಸಿನ ಮೆಟ್ಟಿಲು ಹತ್ತಲಿ. ಪಟ್ಟಿಯ ಒಂದು ಪ್ರತಿ ನಮಗೂ ಕಳುಹಿಸಿರಿ.