ಸಣ್ಣ ಶಾಲೆ: ಬೀಗ ಹಾಕುವ ಮುನ್ನ ನೋಡಬೇಕಾದ ಲೆಕ್ಕ

ತಿಪಟೂರು: ಬೆಳಿಗ್ಗೆ ನೊಣವಿನಕೆರೆ, ಹೊನ್ನವಳ್ಳಿ, ಹಂದನಕೆರೆ ಕಡೆಯ ರಸ್ತೆಗಳಲ್ಲಿ ನಿಂತರೆ ತೆಂಗಿನ ತೋಟಗಳ ನಡುವಿನಿಂದ ಹಳದಿ ಬಣ್ಣದ ಶಾಲಾ ವಾಹನಗಳು ಒಂದರ ಹಿಂದೊಂದು ಹೊರಬರುವುದು ಕಾಣುತ್ತದೆ. ಅವು ಹಾದುಹೋಗುವ ಊರುಗಳಲ್ಲೇ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳಿವೆ. ಆ ಶಾಲೆಗಳ ಬಾಗಿಲು ತೆರೆಯುವುದು ವಾಹನಗಳು ಪಟ್ಟಣ ಸೇರಿ ಎಷ್ಟೋ ಹೊತ್ತಾದ ಮೇಲೆ. ತೆರೆದಾಗ ಒಳಗೆ ಬಂದು ಕೂರುವವರು ಕೆಲವೆಡೆ ಇಪ್ಪತ್ತು, ಕೆಲವೆಡೆ ಹತ್ತು, ಇನ್ನು ಕೆಲವೆಡೆ ಬೆರಳೆಣಿಕೆಯ ಮಕ್ಕಳು.

ಇಷ್ಟು ಕಡಿಮೆ ಮಕ್ಕಳಿಗಾಗಿ ಒಂದು ಶಾಲೆ ಏಕೆ ಎಂಬ ಪ್ರಶ್ನೆ ಹೊಸದೇನಲ್ಲ. ಮುಖ್ಯಮಂತ್ರಿಗಳು, ಶಿಕ್ಷಣ ಸಚಿವರು ಬದಲಾದರೂ ಕಡಿಮೆ ದಾಖಲಾತಿಯ ಶಾಲೆಗಳನ್ನು ಪಕ್ಕದ ಶಾಲೆಯೊಡನೆ ವಿಲೀನಗೊಳಿಸುವ ಆಲೋಚನೆ ಮಾತ್ರ ಬದಲಾಗದೆ ಉಳಿದಿದೆ. 2025ರಲ್ಲಿ ಕರ್ನಾಟಕ ಪಬ್ಲಿಕ್ ಶಾಲೆಗಳ ವಿಸ್ತರಣೆಯನ್ನು ಪ್ರಕಟಿಸಿದಾಗ ಅದು ಮತ್ತೆ ಮುನ್ನೆಲೆಗೆ ಬಂದಿತು. ಸುತ್ತಲಿನ ಸಣ್ಣ ಶಾಲೆಗಳನ್ನು ಸೆಳೆದುಕೊಳ್ಳುವ 'ಮ್ಯಾಗ್ನೆಟ್' ಶಾಲೆಗಳು ಹಳ್ಳಿಯ ಶಾಲೆಗೆ ಬೀಗ ಹಾಕಿಸುತ್ತವೆ ಎಂದು ವಿದ್ಯಾರ್ಥಿ ಸಂಘಟನೆಗಳು ಬೀದಿಗಿಳಿದವು. ಯಾವ ಶಾಲೆಯನ್ನೂ ಮುಚ್ಚುವುದಿಲ್ಲ ಎಂದು ಸಚಿವ ಮಧು ಬಂಗಾರಪ್ಪ ಸ್ಪಷ್ಟನೆ ನೀಡಿದರು. ಆದರೆ ಮುಚ್ಚುವುದು ಬೇರೆ, ಮುಚ್ಚಿಹೋಗಲು ಬಿಡುವುದು ಬೇರೆ. ನಮ್ಮ ಭಾಗದಲ್ಲಿ ನಡೆಯುತ್ತಿರುವುದು ಬಹುಮಟ್ಟಿಗೆ ಎರಡನೆಯದು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಸಣ್ಣ ಶಾಲೆಗಳು ಹೆಚ್ಚಿರುವುದಕ್ಕೆ ಕಾರಣ ಇಲ್ಲಿಯ ನೆಲದಲ್ಲೇ ಇದೆ. ದೊಡ್ಡ ಊರುಗಳು ಕಡಿಮೆ. ಪಾಳ್ಯ, ಕೊಪ್ಪಲು, ಹಟ್ಟಿ, ತಾಂಡ್ಯಗಳೇ ಹೆಚ್ಚು. ತೋಟದ ನಡುವೆ ಒಂಟಿ ಮನೆ ಮಾಡಿಕೊಂಡವರು ಅಸಂಖ್ಯ. ಹುಳಿಯಾರು, ಕಂದಿಕೆರೆ ಕಡೆಯ ಗೊಲ್ಲರಹಟ್ಟಿಗಳು ಊರಿನಿಂದ ದೂರವೇ ಇವೆ. ಇಂಥ ಕಡೆ ಎಲ್ಲಿ ಶಾಲೆ ಕಟ್ಟಿದರೂ ಅದು ಸಣ್ಣದಾಗಿಯೇ ಇರುತ್ತದೆ. ಹೀಗಾಗಿ ದಾಖಲಾತಿ ಕಡಿಮೆಯಾದುದನ್ನು ಪೂರ್ತಿಯಾಗಿ ಶಿಕ್ಷಕರ ವೈಫಲ್ಯವೆನ್ನುವುದು ಅನ್ಯಾಯ.

ಅದರ ಮೇಲೆ ಮನೆಯಲ್ಲಿ ಮಕ್ಕಳ ಸಂಖ್ಯೆ ಇಳಿದಿದೆ, ಯುವಕರು ಬೆಂಗಳೂರು ಸೇರಿದ್ದಾರೆ, ಆಂಗ್ಲ ಮಾಧ್ಯಮದ ಸೆಳೆತವಂತೂ ಹೇಳತೀರದು. ಕೊಬ್ಬರಿಯ ಪಾತ್ರವೂ ಇಲ್ಲದಿಲ್ಲ. 2025ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ನಿಗದಿಪಡಿಸಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ತಿಪಟೂರು ಮಾರುಕಟ್ಟೆಯ ಧಾರಣೆ ಅದೇ ವರ್ಷ 20,000 ರೂಪಾಯಿಯನ್ನೂ ದಾಟಿತು. ಧಾರಣೆ ಏರಿದ ವರ್ಷ ತೋಟವಿರುವವನು ಮಗುವನ್ನು ಖಾಸಗಿ ಶಾಲೆಗೆ ಸೇರಿಸುತ್ತಾನೆ. ಧಾರಣೆ ಇಳಿದರೂ ಮಗುವನ್ನು ಹಿಂದಕ್ಕೆ ತರುವುದು ವಿರಳ, ಮರ್ಯಾದೆಯ ಪ್ರಶ್ನೆ. ಕೊನೆಗೆ ಊರ ಶಾಲೆಯಲ್ಲಿ ಉಳಿಯುವವರು ಕಾಯಿ ಸುಲಿಯುವವರ, ಕೊಬ್ಬರಿ ಒಡೆಯುವವರ, ಕುರಿ ಮೇಯಿಸುವವರ ಮಕ್ಕಳು. ಬೀಗ ಬಿದ್ದರೆ ಅದರ ಭಾರ ಬೀಳುವುದೂ ಇವರ ಮೇಲೆಯೇ. ತಂದೆತಾಯಿ ಬೆಳಗ್ಗೆ ಏಳಕ್ಕೇ ಕೂಲಿಗೆ ಹೊರಡುವ ಮನೆಯಲ್ಲಿ ಆರು ವರ್ಷದ ಮಗುವನ್ನು ಎರಡು ಕಿಲೋಮೀಟರ್ ಆಚೆಗೆ ಕರೆದೊಯ್ಯುವವರು ಯಾರು?

ಮಗುವಿಗೆ ಆಗುವ ಲಾಭವೇನು?

ಸಣ್ಣ ಶಾಲೆಯ ಪರವಾಗಿ ಮಾತನಾಡುವವರು ಸಾಮಾನ್ಯವಾಗಿ ದೂರವನ್ನೇ ಮುಂದಿಡುತ್ತಾರೆ. ಕಲಿಕೆಯ ದೃಷ್ಟಿಯಿಂದಲೂ ಅದಕ್ಕೆ ಬೆಲೆಯಿದೆ ಎಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಅಮೆರಿಕದ ಟೆನೆಸಿ ರಾಜ್ಯದಲ್ಲಿ 1985ರಿಂದ 1989ರವರೆಗೆ 79 ಶಾಲೆಗಳಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. 11,000ಕ್ಕೂ ಹೆಚ್ಚು ಮಕ್ಕಳಲ್ಲಿ ಕೆಲವರನ್ನು 13ರಿಂದ 17 ಮಕ್ಕಳ ತರಗತಿಗೂ ಉಳಿದವರನ್ನು 22ರಿಂದ 25 ಮಕ್ಕಳ ತರಗತಿಗೂ ಚೀಟಿ ಎತ್ತಿದಂತೆ ಹಂಚಲಾಯಿತು. ಮೂರನೇ ತರಗತಿಯವರೆಗೆ ಸಣ್ಣ ತರಗತಿಯ ಮಕ್ಕಳು ಓದು, ಗಣಿತ ಎರಡರಲ್ಲೂ ಮುಂದಿದ್ದರು. ಹೆಚ್ಚಿನ ಲಾಭ ಪಡೆದವರು ಕಪ್ಪು ಜನಾಂಗದ ಮಕ್ಕಳು ಎಂಬುದು ಗಮನಾರ್ಹ.

ಆದರೆ ಇದನ್ನು ಹಾಗೆಯೇ ನಮ್ಮ ಹಟ್ಟಿಯ ಶಾಲೆಗೆ ಅನ್ವಯಿಸುವಂತಿಲ್ಲ. ಅಲ್ಲಿದ್ದುದು ಒಂದೇ ತರಗತಿಯ ಹದಿನೈದು ಮಕ್ಕಳು, ಅವರಿಗೊಬ್ಬ ಶಿಕ್ಷಕ. ಇಲ್ಲಿರುವುದು ಐದು ತರಗತಿಗಳ ಹದಿನೈದು ಮಕ್ಕಳು. ಒಂದನೇ ತರಗತಿಗೆ ಅಕ್ಷರ ತಿದ್ದಿಸುತ್ತಲೇ ಐದನೇ ತರಗತಿಗೆ ಭಿನ್ನರಾಶಿ ಹೇಳಿಕೊಡಬೇಕಾದ ಶಿಕ್ಷಕನಿಗೆ ಮಕ್ಕಳ ಸಂಖ್ಯೆ ಕಡಿಮೆ ಇದ್ದ ಮಾತ್ರಕ್ಕೆ ಕೆಲಸ ಹಗುರವಾಗುವುದಿಲ್ಲ. ಸಣ್ಣ ಶಾಲೆಯನ್ನು ಹೊಗಳುವವರು ಈ ವ್ಯತ್ಯಾಸವನ್ನು ಮರೆಮಾಚಬಾರದು.

ಹಾಗಾದರೆ ಬಹುವರ್ಗ ಬೋಧನೆ ಅಸಾಧ್ಯವೇ? ಅದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿ ಸಂಸ್ಥೆ ಸುತ್ತಲಿನ ಹಳ್ಳಿಗಳಲ್ಲಿ ನಡೆಸುತ್ತಿದ್ದ ಪುಟ್ಟ ಶಾಲೆಗಳ ಪದ್ಧತಿಯಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನೊಂದಿಗೆ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 'ನಲಿ–ಕಲಿ' ಆರಂಭವಾಯಿತು. ಅದನ್ನು ರೂಪಿಸುವುದರಲ್ಲಿ ಸರ್ಕಾರಿ ಶಿಕ್ಷಕರೇ ಕೈಜೋಡಿಸಿದ್ದರು. 2009–10ರಲ್ಲಿ ಅದು ರಾಜ್ಯದಾದ್ಯಂತ ವಿಸ್ತರಿಸಿತು. ಬೇರೆಬೇರೆ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಗುಂಪುಗುಂಪಾಗಿ ಕೂರುತ್ತಾರೆ. ಒಂದು ತಟ್ಟೆಗೆ ಶಿಕ್ಷಕರ ನೆರವು, ಇನ್ನೊಂದಕ್ಕೆ ಸಹಪಾಠಿಗಳ ನೆರವು, ಮತ್ತೊಂದರಲ್ಲಿ ಸ್ವಂತ ಕಲಿಕೆ. ಎರಡು ವಾರ ಶಾಲೆಗೆ ಬಾರದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಹಬ್ಬ, ಜಾತ್ರೆ, ಕುರಿ ವಲಸೆ ಎಂದು ಮಕ್ಕಳು ಗೈರಾಗುವ ಊರಿನಲ್ಲಿ ಇದರ ಅನುಕೂಲವನ್ನು ವಿವರಿಸಿ ಹೇಳಬೇಕಾಗಿಲ್ಲ. ಕೊಲಂಬಿಯಾ ದೇಶದ ಗ್ರಾಮೀಣ ಶಾಲೆಗಳಲ್ಲಿಯೂ 1970ರ ದಶಕದಿಂದ ಇದೇ ಬಗೆಯ ಪದ್ಧತಿ ನಡೆದುಬಂದಿದೆ. ಎಂದರೆ, ಸಣ್ಣ ಶಾಲೆಗೆಂದೇ ಹೊಂದುವ ವಿಧಾನವೊಂದು ನಮ್ಮ ಕೈಯಲ್ಲಿದೆ. ಆ ವಿಧಾನವನ್ನು ಐವತ್ತು ಮಕ್ಕಳು ಕಿಕ್ಕಿರಿದ ಕೊಠಡಿಗಳಿಗೂ ಹೊರಿಸಿ, ನಲಿ–ಕಲಿಯಿಂದ ಮಕ್ಕಳು ಕಲಿಯಲಿಲ್ಲವೆಂದು ದೂರಿದ್ದೂ ನಾವೇ.

ಪರೀಕ್ಷೆಯ ಅಂಕಗಳಲ್ಲಿ ಕಾಣದ ಲಾಭಗಳೂ ಇವೆ. ಹತ್ತು ಮಕ್ಕಳ ಶಾಲೆಯಲ್ಲಿ ಹಿಂದಿನ ಬೆಂಚು ಎಂಬುದೇ ಇಲ್ಲ. ಪ್ರಾರ್ಥನೆ ಹೇಳುವ, ದಿನಪತ್ರಿಕೆ ಓದುವ, ಆಗಸ್ಟ್ 15ರಂದು ಭಾಷಣ ಮಾಡುವ ಸರದಿ ಪ್ರತಿ ಮಗುವಿಗೂ ಬರಲೇಬೇಕು. ಹಿರಿಯ ಮಗು ಕಿರಿಯದಕ್ಕೆ ಹೇಳಿಕೊಡುತ್ತಾ ತಾನೂ ಗಟ್ಟಿಯಾಗುತ್ತದೆ. ಯಾವ ಮಗುವಿನ ತಾಯಿಗೆ ಹುಷಾರಿಲ್ಲ, ಯಾವುದು ಬೆಳಿಗ್ಗೆ ಉಂಡು ಬಂದಿಲ್ಲ ಎಂಬುದು ಶಿಕ್ಷಕರಿಗೆ ಗೊತ್ತಿರುತ್ತದೆ. ಮಾತು ತಡವಾದ, ಕಣ್ಣು ಮಂದವಾದ ಮಗುವನ್ನು ಬೇಗ ಗುರುತಿಸಲು ಸಾಧ್ಯ.

ಏಕೋಪಾಧ್ಯಾಯ ಎಂಬ ಕಾಯಿಲೆ

ಇಷ್ಟೆಲ್ಲ ಲಾಭವನ್ನು ನುಂಗಿಹಾಕುವುದು ಏಕೋಪಾಧ್ಯಾಯ ವ್ಯವಸ್ಥೆ. ಕೇಂದ್ರ ಶಿಕ್ಷಣ ಇಲಾಖೆಯ 2024–25ರ ಅಂಕಿಅಂಶದಂತೆ ದೇಶದಲ್ಲಿ 1,04,125 ಏಕೋಪಾಧ್ಯಾಯ ಶಾಲೆಗಳಿವೆ; ಕರ್ನಾಟಕದ ಪಾಲು 7,349. ಬಿಸಿಯೂಟ, ಹಾಲು, ಮೊಟ್ಟೆಯ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು, ಮತದಾರರ ಪಟ್ಟಿ, ತಾಲ್ಲೂಕು ಕೇಂದ್ರದ ಸಭೆ ಎಲ್ಲವೂ ಆ ಒಬ್ಬರದೇ ಹೊಣೆ. ಅವರು ರಜೆ ಹಾಕಿದ ದಿನ ಪಕ್ಕದ ಶಾಲೆಯಿಂದ ಯಾರಾದರೂ ಬರಬೇಕು, ಇಲ್ಲವೇ ಮಕ್ಕಳು ಮನೆಗೆ ಹೋಗಬೇಕು. ಇದನ್ನು ಕಂಡ ಪೋಷಕ ಮುಂದಿನ ಜೂನ್‌ನಲ್ಲಿ ವರ್ಗಾವಣೆ ಪತ್ರ ಕೇಳುತ್ತಾನೆ. ಮಕ್ಕಳು ಕಡಿಮೆಯಾದರೆಂದು ಶಿಕ್ಷಕರು ಕಡಿಮೆಯಾಗುತ್ತಾರೆ, ಶಿಕ್ಷಕರು ಕಡಿಮೆಯಾದರೆಂದು ಮಕ್ಕಳು ಹೋಗುತ್ತಾರೆ. ಕೊನೆಗೆ ಕಡತದಲ್ಲಿ 'ಶೂನ್ಯ ದಾಖಲಾತಿ' ಎಂದು ಬರೆದರೆ ಕಥೆ ಮುಗಿಯಿತು.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಒಂದರಿಂದ ಐದನೇ ತರಗತಿಯ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಅಲ್ಲಿ ಹತ್ತು ಮಕ್ಕಳಿಗೆ ಒಬ್ಬರು ಸಾಕು ಎಂದಿಲ್ಲ. ಐದನೇ ತರಗತಿಯವರೆಗೆ ಒಂದು ಕಿಲೋಮೀಟರ್, ಎಂಟರವರೆಗೆ ಮೂರು ಕಿಲೋಮೀಟರ್ ಒಳಗೆ ಶಾಲೆಯಿರಬೇಕೆಂಬುದು ರಾಜ್ಯದ ನಿಯಮ. ಹೀಗಿರುವಾಗ ಏಕೋಪಾಧ್ಯಾಯ ಶಾಲೆಯ ಕಳಪೆ ಫಲಿತಾಂಶ ತೋರಿಸಿ ಸಣ್ಣ ಶಾಲೆಯೇ ನಿಷ್ಪ್ರಯೋಜಕ ಎನ್ನುವುದು, ಒಂದೇ ಎತ್ತು ಕಟ್ಟಿ ಗಾಡಿ ಸರಿಯಿಲ್ಲವೆಂದು ಹೇಳಿದಂತೆ.

ವಿಲೀನದ ಪರವಾದ ವಾದದಲ್ಲೂ ಹುರುಳಿಲ್ಲದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಸಣ್ಣ ಶಾಲೆಗಳಿಗೆ ಕ್ರೀಡೆ, ಸಂಗೀತ, ಪ್ರಯೋಗಾಲಯ, ಗ್ರಂಥಾಲಯ ಒದಗಿಸುವುದು ಕಷ್ಟ ಎಂದಿದೆ. ಮೂರೇ ಮಕ್ಕಳಿರುವ ಶಾಲೆಯಲ್ಲಿ ಕಬಡ್ಡಿಗೆ ತಂಡವಾಗದು. ತನ್ನ ವಯಸ್ಸಿನ ಒಬ್ಬ ಗೆಳತಿಯೂ ಇಲ್ಲದ ಹುಡುಗಿಯ ಒಂಟಿತನ ಸಣ್ಣದಲ್ಲ. ಅಂಥಲ್ಲಿ, ಒಂದು ಕಿಲೋಮೀಟರ್ ಒಳಗೆ ಇನ್ನೊಂದು ಶಾಲೆಯಿದ್ದು ಹಾದಿ ಸುರಕ್ಷಿತವಾಗಿದ್ದರೆ, ಸೇರಿಸುವುದೇ ಮೇಲು ಎಂಬುದು ಈ ವರದಿಗಾರನ ಅಭಿಪ್ರಾಯ. ಆದರೆ ಅದೇ ನೀತಿಯು ಶಾಲೆಗಳನ್ನು ಒಡೆಯದೆ ಸುತ್ತಲಿನವನ್ನು ಒಂದು ಶಾಲಾ ಸಂಕೀರ್ಣವಾಗಿ ಹೊಂದಿಸಿ ಶಿಕ್ಷಕರನ್ನೂ ಸಾಮಗ್ರಿಯನ್ನೂ ಹಂಚಿಕೊಳ್ಳುವ ದಾರಿಯನ್ನೂ ಹೇಳಿದೆ. ಇದು 1964–66ರ ಕೊಠಾರಿ ಆಯೋಗದ ಕಾಲದ ಸಲಹೆ. ಕ್ಲಸ್ಟರ್ ವ್ಯವಸ್ಥೆ ನಮ್ಮಲ್ಲಿ ಆಗಲೇ ಇದೆ. ಸಂಗೀತ, ದೈಹಿಕ ಶಿಕ್ಷಣದ ಶಿಕ್ಷಕರು ವಾರಕ್ಕೊಮ್ಮೆ ಊರೂರಿಗೆ ಬರುವುದಕ್ಕೆ, ಶನಿವಾರ ನಾಲ್ಕು ಊರಿನ ಮಕ್ಕಳು ಒಂದು ಮೈದಾನದಲ್ಲಿ ಸೇರುವುದಕ್ಕೆ ಹೊಸ ಕಟ್ಟಡ ಬೇಕಿಲ್ಲ.

ಹಾದಿಯ ಸುರಕ್ಷತೆ ಎಂದುದಕ್ಕೆ ಕಾರಣವಿದೆ. 2019–20ರಲ್ಲಿ ತುಮಕೂರು ಜಿಲ್ಲೆಯಲ್ಲಿ ಚಿರತೆ ದಾಳಿಗೆ ಮಕ್ಕಳೂ ಬಲಿಯಾದ ನೆನಪು ಇನ್ನೂ ಮಾಸಿಲ್ಲ. ನಕ್ಷೆಯಲ್ಲಿ ಒಂದೂವರೆ ಕಿಲೋಮೀಟರ್ ಎಂದು ಕಾಣುವ ಹಾದಿ ತೋಟ, ಹಳ್ಳ, ಪೊದೆಗಳ ನಡುವೆ ಹೋಗುತ್ತದೆ. ಉತ್ತರ ಪ್ರದೇಶ ಸರ್ಕಾರ 2025ರ ಜೂನ್‌ನಲ್ಲಿ ಕಡಿಮೆ ದಾಖಲಾತಿಯ ಶಾಲೆಗಳ ಜೋಡಣೆಗೆ ಆದೇಶ ಹೊರಡಿಸಿ, ವಿರೋಧ ಬಂದ ಬಳಿಕ ಒಂದು ಕಿಲೋಮೀಟರ್‌ಗಿಂತ ದೂರದ ಶಾಲೆಗಳನ್ನು ಕೈಬಿಡಬೇಕಾಯಿತು. ಇಲ್ಲಿಯೂ ಪಟ್ಟಿ ತಯಾರಿಸುವವರು ಮೊದಲು ಆ ಹಾದಿಯನ್ನು ಒಮ್ಮೆ ನಡೆದು ನೋಡಲಿ.

ತಿಪಟೂರು ಕ್ಷೇತ್ರದ ಶಾಸಕರಾಗಿದ್ದ ಬಿ.ಸಿ. ನಾಗೇಶ್ 2021ರಿಂದ 2023ರವರೆಗೆ ಶಾಲಾ ಶಿಕ್ಷಣ ಸಚಿವರಾಗಿದ್ದರು. ರಾಜ್ಯದಲ್ಲಿ 'ವಿವೇಕ' ಕೊಠಡಿಗಳ ನಿರ್ಮಾಣಕ್ಕೆ ಚಾಲನೆ ದೊರೆತದ್ದು ಆಗಲೇ. ಅನಂತರ ಸರ್ಕಾರ ಬದಲಾಯಿತು, ಪಬ್ಲಿಕ್ ಶಾಲೆಗಳ ಸಂಖ್ಯೆ ಹೆಚ್ಚಿಸುವ ಯೋಜನೆ ಬಂದಿತು. ಎರಡರಲ್ಲಿಯೂ ಹಣ ಹರಿದದ್ದು ಮುಖ್ಯವಾಗಿ ಕಟ್ಟಡದ ಕಡೆಗೆ. ಪ್ರತಿ ಕಿರಿಯ ಪ್ರಾಥಮಿಕ ಶಾಲೆಗೆ ಎರಡನೆಯ ಶಿಕ್ಷಕರನ್ನು ಯಾವಾಗ ಕೊಡುತ್ತೀರಿ ಎಂದು ಶಾಲಾಭಿವೃದ್ಧಿ ಸಮಿತಿಗಳು ಮುಂದಿನ ಜೂನ್‌ಗೆ ಮೊದಲೇ ಕ್ಷೇತ್ರ ಶಿಕ್ಷಣಾಧಿಕಾರಿಗಳನ್ನು ಲಿಖಿತವಾಗಿ ಕೇಳಬಹುದು. ವರ್ಗಾವಣೆ ಪತ್ರಗಳು ಕೈ ಸೇರಿದ ಮೇಲೆ ಕೇಳಿದರೆ ಉತ್ತರಿಸುವ ಅಗತ್ಯವೇ ಅವರಿಗೆ ಇರುವುದಿಲ್ಲ.