ಗಣಕಪ್ರಿಯರ ಭಾನುವಾರ

ಬೆಂಗಳೂರಿನ ಪಡುವಣ ಬಡಾವಣೆಗಳಲ್ಲಿ, ಅದು ರಾಜಾಜಿನಗರವಿರಲಿ, ವಿಜಯನಗರವಿರಲಿ, ದೂರದ ಕೆಂಗೇರಿಯೇ ಇರಲಿ, ಬೀದಿಗೊಬ್ಬರು ಗಣಕಪ್ರಿಯರು ಇದ್ದೇ ಇರುತ್ತಾರೆ. ಹಿಂದೆ ಬೀದಿಗೊಬ್ಬ ರೇಡಿಯೋ ರಿಪೇರಿಯವನೂ, ಬೀದಿಗೊಬ್ಬರು ಹೋಮಿಯೋಪತಿ ಬಲ್ಲ ನಿವೃತ್ತ ಗುಮಾಸ್ತರೂ ಇರುತ್ತಿದ್ದರಲ್ಲ, ಇದೂ ಹಾಗೆಯೇ. ಇವರಿಗೆ ಸಂಬಳವಿಲ್ಲ, ಬೋರ್ಡಿಲ್ಲ. ಆದರೆ ಇವರನ್ನು ಕೇಳದೆ ಆ ಬೀದಿಯಲ್ಲಿ ಯಾರೂ ಫೋನು ಕೊಳ್ಳುವುದಿಲ್ಲ.

ಬಸವೇಶ್ವರನಗರದ ಹಾವನೂರು ವೃತ್ತಕ್ಕೆ ಕೂಗಳತೆಯಲ್ಲಿ ಅಂಥವರೊಬ್ಬರ ಮನೆಯಿದೆ. ಭಾನುವಾರ ಬೆಳಗಿನ ಕಾಫಿಯಾದ ಮೇಲೆ ಅವರು ಜಗಲಿಗೆ ಬರುವರು. ಕೈಯಲ್ಲಿ ಒಂದು ಸಣ್ಣ ತಿರುಪುಳಿ, ಮುಂದೆ ಹೊಟ್ಟೆ ಬಿಚ್ಚಿಸಿಕೊಂಡ ಯಾವುದಾದರೊಂದು ಗಣಕ. ಬಿಡಿಭಾಗಗಳಿಗಾಗಿ ಅವರು ಎಸ್.ಪಿ. ರಸ್ತೆಯ ಅಂಗಡಿ ಸಾಲುಗಳಿಗೆ ಹೋಗುವುದು ಭಕ್ತರು ದೇವಸ್ಥಾನಕ್ಕೆ ಹೋಗುವಂತೆ. ಪ್ರದಕ್ಷಿಣೆ ಮುಗಿಯದೆ ಹಿಂತಿರುಗುವ ಸಂಪ್ರದಾಯವಿಲ್ಲ.

ಅವರ ಅಭಿಪ್ರಾಯಗಳು ಅನೇಕ, ಎಲ್ಲವೂ ಖಚಿತ. ಫೋನು ಕೊಳ್ಳಹೊರಟವರಿಗೆ ಅವರ ಉಪದೇಶ ಇದು: ಹಿಂಬದಿಯಲ್ಲಿ ಎಷ್ಟು ಕಣ್ಣುಗಳಿವೆಯೆಂದು ಎಣಿಸಬೇಡಿ, ರಕ್ಷಣೆಯ ಪರಿಷ್ಕರಣಗಳು ಎಷ್ಟು ವರ್ಷ ಬರುವುವೆಂದು ಕೇಳಿ. ಪ್ರಿಂಟರಿನ ವಿಚಾರದಲ್ಲಿ: ಯಂತ್ರವನ್ನು ಅಗ್ಗವಾಗಿ ಕೊಟ್ಟು ಶಾಯಿಯನ್ನು ದುಬಾರಿಗೆ ಮಾರುವುದೆಂದರೆ ಕುದುರೆಯನ್ನು ದಾನ ಮಾಡಿ ಹುರುಳಿಯಲ್ಲಿ ಲಾಭ ತೆಗೆದಂತೆ. ದೂರದರ್ಶನದ ವಿಚಾರದಲ್ಲಂತೂ ಅವರಿಗೆ ವಿಶೇಷ ಸಿಟ್ಟು. “ನೀವು ಅದನ್ನು ನೋಡುತ್ತಿರುವಿರೆಂದು ತಿಳಿದಿದ್ದೀರಿ, ಅದೇ ನಿಮ್ಮನ್ನು ನೋಡುತ್ತಿದೆ” ಎನ್ನುವರು. ಕೇಳಿದವರು ನಕ್ಕರೆ, ಅಮೆರಿಕದ ವಿಜಿಯೋ ಕಂಪನಿಯ ನಿದರ್ಶನ ಸಿದ್ಧವಾಗಿರುತ್ತದೆ. ಆ ಕಂಪನಿ ಸುಮಾರು ೧ ಕೋಟಿ ೧೦ ಲಕ್ಷ ಟೆಲಿವಿಷನ್ನುಗಳಲ್ಲಿ, ಮನೆಯವರು ಏನು ನೋಡುತ್ತಾರೆಂಬುದನ್ನು ಅವರ ಒಪ್ಪಿಗೆಯಿಲ್ಲದೆ ಸಂಗ್ರಹಿಸಿತೆಂಬ ಆರೋಪ ಬಂದು, ೨೦೧೭ರಲ್ಲಿ ೨೨ ಲಕ್ಷ ಡಾಲರು ತೆರಲು ಒಪ್ಪಿಕೊಂಡಿತು. ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸು ಹಣ ಕಟ್ಟುತ್ತಿದ್ದ ಕಾಲವೇ ಮೇಲೆಂಬುದು ಅವರ ಮತ. ಆಗ ಹಣವನ್ನು ಕೇಳಿ ತೆಗೆದುಕೊಳ್ಳುತ್ತಿದ್ದರು. ಈಗ ಕೇಳದೆ ಮನೆಯ ಸುದ್ದಿಯನ್ನು ಒಯ್ಯುತ್ತಾರೆ.

ಯಂತ್ರಗಳಿಂದ ರಾಜಕೀಯಕ್ಕೆ ಅವರ ಜಗಲಿಯಲ್ಲಿ ಎರಡೇ ಹೆಜ್ಜೆ. ಅವರು ಯಾವ ಪಕ್ಷಕ್ಕೂ ಸೇರಿದವರಲ್ಲ. ಆದಕಾರಣ ಎಲ್ಲ ಪಕ್ಷಗಳನ್ನೂ ಸಮನಾಗಿ ಬಯ್ಯುವ ಹಕ್ಕು ತಮಗಿದೆಯೆಂದು ನಂಬಿದವರು. “ಸರ್ಕಾರವೆಂಬುದೂ ಒಂದು ಆಪರೇಟಿಂಗ್ ಸಿಸ್ಟಂ. ಐದು ವರ್ಷಕ್ಕೊಮ್ಮೆ ಹೊಸ ಆವೃತ್ತಿ, ಬಣ್ಣ ಬೇರೆ, ದೋಷಗಳು ಅವೇ” ಎಂದು ಹೇಳಿ, ತಿರುಪುಳಿಯನ್ನು ಒಮ್ಮೆ ಗಾಳಿಯಲ್ಲಿ ತಿರುಗಿಸುವರು. ಸುತ್ತ ಕುಳಿತವರು ತಲೆದೂಗುವರು. ಭಾನುವಾರ ಹೀಗೆ ಸುಖವಾಗಿ ಕಳೆಯುವುದು.

ಅವರ ಬೀರುವಿನಲ್ಲಿ, ಮಡಿಬಟ್ಟೆಯಲ್ಲಿ ಸುತ್ತಿಟ್ಟ ಒಂದು ಯಂತ್ರವಿದೆ. ಅದರ ಹೆಸರು ಸಿಂಪ್ಯೂಟರ್. ಇಂದಿನ ಹುಡುಗರು ಆ ಹೆಸರನ್ನೇ ಕೇಳಿರಲಾರರು. ಸುಲಭ ಬೆಲೆಯ, ಬಹುಜನರಿಗೆ ಒದಗುವ ಗಣಕವೊಂದನ್ನು ಮಾಡಬೇಕೆಂಬ ಯೋಚನೆ ೧೯೯೮ರಲ್ಲಿ ಬೆಂಗಳೂರಿನಲ್ಲಿಯೇ ಮೊಳೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮೊದಲಾದವರು ಎನ್‌ಕೋರ್ ಕಂಪನಿಯ ಇಂಜಿನಿಯರುಗಳೊಡನೆ ಸೇರಿ ಅದನ್ನು ರೂಪಿಸಿದರು. ೨೦೦೧ರಲ್ಲಿ ಮಾದರಿ ಹೊರಬಂತು. ೨೦೦೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾಗಿ ಪೇಟೆಗೆ ಬಂತು. ಅಂಗೈಯಲ್ಲಿ ಹಿಡಿಸುವ ಗಾತ್ರ, ಗಾಜಿನ ಮೇಲೆಯೇ ಕಡ್ಡಿಯಿಂದ ಬರೆಯುವ ಅನುಕೂಲ, ಬರೆದುದನ್ನು ಭಾರತದ ಭಾಷೆಗಳಲ್ಲಿ ಓದಿ ಹೇಳುವ ದನಿ. ಐಫೋನು ಹುಟ್ಟಿದ್ದು ೨೦೦೭ರಲ್ಲಿ ಎಂಬುದನ್ನು ಮರೆಯಬಾರದು. ಆದರೆ ಹಿತ್ತಲ ಗಿಡ ಮದ್ದಾಗಲಿಲ್ಲ. ಮಾರಾಟವಾದದ್ದು ಕೆಲವೇ ಸಾವಿರ.

ಗಣಕಪ್ರಿಯರು ಅದನ್ನು ಇಟ್ಟುಕೊಂಡಿರುವುದು ಅದರ ದನಿಗಾಗಿ ಅಲ್ಲ. ಅದರ ಬದಿಯಲ್ಲಿರುವ ಒಂದು ಸಣ್ಣ ಸೀಳಿಗಾಗಿ. ಯಂತ್ರ ಒಬ್ಬರಿಗೊಂದರಂತೆ ಸಿಕ್ಕುವುದು ದುರ್ಲಭವೆಂದು ತಿಳಿದಿದ್ದ ಆ ವಿದ್ವಾಂಸರು, ಹಳ್ಳಿಗೊಂದೇ ಸಿಂಪ್ಯೂಟರ್ ಇದ್ದರೂ ಸಾಕಾಗುವಂತೆ ಅದಕ್ಕೊಂದು ಸ್ಮಾರ್ಟ್ ಕಾರ್ಡನ್ನು ಯೋಜಿಸಿದರು. ಬೇಕಾದವನು ಬಂದು ತನ್ನ ಕಾರ್ಡನ್ನು ಸೀಳಿನಲ್ಲಿಟ್ಟು, ಕೆಲಸ ಮುಗಿದ ಮೇಲೆ ತೆಗೆದುಕೊಂಡು ಹೋಗಬಹುದು. ಯಂತ್ರ ಊರಿನದು, ವಿಷಯ ಅವನವನದು. ಈಗ ಆಗಿರುವುದು ಇದರ ತಿರುವುಮುರುವು. ಯಂತ್ರ ಪ್ರತಿಯೊಬ್ಬನ ಜೇಬಿನಲ್ಲಿದೆ. ಅವನ ವಿಷಯ ಮಾತ್ರ ಯಾವುದೋ ಊರಿನ ಉಗ್ರಾಣದಲ್ಲಿದೆ. ಜಗಲಿಯ ಮೇಲಿನ ಅಭಿಪ್ರಾಯಗಳಲ್ಲೆಲ್ಲ ತೂಕದ್ದು ಇದೇ ಎನ್ನಬೇಕು.

ಕಳೆದ ಒಂದು ಭಾನುವಾರ ಈ ಸಭೆಗೆ ಎದುರು ಮನೆಯ ವೃದ್ಧೆಯೊಬ್ಬರು ಬಂದರು. ನಿವೃತ್ತ ಉಪಾಧ್ಯಾಯಿನಿ, ಪತಿ ಇಲ್ಲ, ಪೆನ್ಷನ್ನು ಮತ್ತು ಬ್ಯಾಂಕಿನಲ್ಲಿಟ್ಟ ಇಡುಗಂಟು ಇವೇ ಆಧಾರ. ಎಂದೂ ಹೆಚ್ಚು ಮಾತನಾಡದ ಆಕೆ ಅಂದು ಹೇಳಿದ್ದು ಕೇಳಿ ಜಗಲಿಯವರು ಸ್ತಬ್ಧರಾದರು. ಹಿಂದಿನ ದಿನ ಫೋನಿನಲ್ಲಿ ಪೊಲೀಸು ಉಡುಪಿನವನೊಬ್ಬ ಕಾಣಿಸಿಕೊಂಡು, ಆಕೆಯ ಹೆಸರಿನ ಪಾರ್ಸಲಿನಲ್ಲಿ ಮಾದಕ ಪದಾರ್ಥ ಸಿಕ್ಕಿದೆಯೆಂದೂ, ಆಕೆ ‘ಡಿಜಿಟಲ್ ಅರೆಸ್ಟ್’ ಆಗಿರುವುದಾಗಿಯೂ, ಯಾರೊಡನೆಯೂ ಮಾತನಾಡಕೂಡದೆಂದೂ ಗದರಿಸಿದ್ದ. ಎರಡು ಗಂಟೆಗಳ ಕಾಲ ಆಕೆ ಫೋನಿನ ಮುಂದೆ ಕುಳಿತಿದ್ದರು. ಇಡುಗಂಟನ್ನು ‘ಪರಿಶೀಲನೆಗಾಗಿ’ ಬೇರೊಂದು ಖಾತೆಗೆ ಹಾಕಬೇಕೆಂದಾಗ, ಮೂವತ್ತು ವರ್ಷ ಮಕ್ಕಳ ಸುಳ್ಳುಗಳನ್ನು ಕೇಳಿದ ಕಿವಿ ಎಚ್ಚೆತ್ತಿತು. ಫೋನನ್ನು ಆರಿಸಿಬಿಟ್ಟರು. ಆದರೆ ರಾತ್ರಿಯೆಲ್ಲ ನಿದ್ರೆಯಿಲ್ಲ.

“ಅವನಿಗೆ ನನ್ನ ಹೆಸರು, ಮನೆಯ ನಂಬರು, ಆಧಾರ್ ಅಂಕೆ ಎಲ್ಲವೂ ಗೊತ್ತಿತ್ತು. ಯಾರು ಹೇಳಿದರು?” ಎಂದು ಆಕೆ ಕೇಳಿದರು.

ಗಣಕಪ್ರಿಯರು ಉತ್ತರಕ್ಕೆ ತೊಡಗಿದರು. ಮಾಹಿತಿ ಸೋರುವ ಬಗೆ, ಕಂಪನಿಗಳ ದುರಾಸೆ, ಮಂತ್ರಿಗಳ ಅಜ್ಞಾನ, ಜನರ ಮೌಢ್ಯ, ಎಲ್ಲವೂ ಬಂದುವು. ಅರ್ಧ ಗಂಟೆ ಕಳೆಯಿತು. ವೃದ್ಧೆ ಶಾಂತವಾಗಿ ಕೇಳಿ, “ನಾಳೆ ಅಂಗಡಿಯ ಹುಡುಗ ಬಿಲ್ಲು ಹಾಕುವಾಗ ಫೋನ್ ನಂಬರು ಕೇಳುತ್ತಾನೆ. ನಾನು ಏನು ಹೇಳಲಿ?” ಎಂದರು.

ಗಣಕಪ್ರಿಯರು ಬಾಯಿ ತೆರೆದರು, ಮಾತು ಹೊರಡಲಿಲ್ಲ. ಅಷ್ಟು ಸಣ್ಣ ಪ್ರಶ್ನೆಗೆ ಅವರಲ್ಲಿ ಅಭಿಪ್ರಾಯವಿತ್ತೇ ಹೊರತು ಉತ್ತರವಿರಲಿಲ್ಲ. ಆಕೆ ಹೊರಡುತ್ತ, ಯಾವ ಕೊಂಕೂ ಇಲ್ಲದ ದನಿಯಲ್ಲಿ, “೨೦೨೪ರ ಏಪ್ರಿಲ್ ೨೬ರಂದು ಲೋಕಸಭೆಗೆ ಮತದಾನವಾಯಿತಲ್ಲ, ಅಂದು ಮತಗಟ್ಟೆಯಲ್ಲಿ ನಿಮ್ಮನ್ನು ಹುಡುಕಿದೆ, ಮೆಟ್ಟಿಲು ಹತ್ತಲು ಕೈ ಹಿಡಿಸಿಕೊಳ್ಳೋಣವೆಂದು. ನೀವು ಬಂದಿರಲಿಲ್ಲ” ಎಂದರು. ಅಂದು ಬೆಂಗಳೂರು ನಗರದ ಮೂರು ಕ್ಷೇತ್ರಗಳಲ್ಲಿ ಮತ ಹಾಕಿದವರು ಅರ್ಧಕ್ಕಿಂತ ತುಸುವೇ ಹೆಚ್ಚು. ಉಳಿದ ಅರ್ಧದಲ್ಲಿ ಗಣಕಪ್ರಿಯರೂ ಒಬ್ಬರು. ರಜೆಯ ದಿನವಾದ್ದರಿಂದ ಅವರು ಹೊಸ ಗಣಕವೊಂದನ್ನು ಜೋಡಿಸುತ್ತ ಕುಳಿತಿದ್ದರು.

ಅಂದು ಮಧ್ಯಾಹ್ನ ಅವರು ತಿರುಪುಳಿಯನ್ನು ಮುಟ್ಟಲಿಲ್ಲ. ಅವರ ನೆನಪಿಗೆ ಬಂದದ್ದು ಇದೇ ಊರಿನ ಇನ್ನೊಬ್ಬ ವೃದ್ಧರು. ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನಲ್ಲಿದ್ದು ನಿವೃತ್ತರಾದವರು, ಹುಟ್ಟಿದ್ದು ೧೯೨೬ರಲ್ಲಿ. ಬಿಚ್ಚಿದ ಗಣಕಗಳ ನಡುವೆ ಭಾನುವಾರ ಕಳೆಯುವ ಪೈಕಿಯವರಲ್ಲ. ಆಧಾರ್ ಯೋಜನೆ ಪಾರ್ಲಿಮೆಂಟಿನ ಕಾಯಿದೆಯಿಲ್ಲದೆ, ಬರಿಯ ಸರ್ಕಾರೀ ಆಜ್ಞೆಯ ಬಲದಿಂದ ನಡೆಯುತ್ತಿದೆಯಲ್ಲ ಎಂಬುದು ಅವರ ಮನಸ್ಸಿಗೆ ಒಪ್ಪಲಿಲ್ಲ. ೨೦೧೨ರಲ್ಲಿ, ತಮ್ಮ ೮೬ನೆಯ ವಯಸ್ಸಿನಲ್ಲಿ, ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಭಾರತದ ಪ್ರಜೆಗೆ ಖಾಸಗಿತನವೆಂಬ ಮೂಲಭೂತ ಹಕ್ಕೇ ಇಲ್ಲವೆಂದು ಸರ್ಕಾರದ ಪರ ವಾದ ನಡೆಯಿತು. ಅದನ್ನು ನಿರ್ಣಯಿಸಲು ಒಂಬತ್ತು ನ್ಯಾಯಾಧೀಶರ ಪೀಠ ಕುಳಿತು, ೨೦೧೭ರ ಆಗಸ್ಟ್ ೨೪ರಂದು ಆ ಹಕ್ಕು ಉಂಟೆಂದು ಒಮ್ಮತದಿಂದ ತೀರ್ಪಿತ್ತಿತು. ಮರುವರ್ಷ ಸೆಪ್ಟೆಂಬರ್ ೨೬ರಂದು ಐವರ ಪೀಠವು ಬಹುಮತದಿಂದ ಆಧಾರನ್ನು ಎತ್ತಿಹಿಡಿಯಿತಾದರೂ, ಬ್ಯಾಂಕು ಖಾತೆಗೂ ಫೋನಿನ ಸಿಮ್ಮಿಗೂ ಅದನ್ನು ಕಡ್ಡಾಯ ಮಾಡಕೂಡದೆಂದಿತು. ಖಾಸಗಿ ಕಂಪನಿಗಳು ಕರಾರಿನ ನೆಪದಲ್ಲಿ ಅದನ್ನು ಕೇಳುತ್ತಿದ್ದ ಹಾದಿಯನ್ನು ಮುಚ್ಚಿತು. ೨೦೧೯ರ ತಿದ್ದುಪಡಿ ಬ್ಯಾಂಕು, ಟೆಲಿಫೋನು ಕಂಪನಿಗಳಿಗೆ ಮತ್ತೆ ಬಾಗಿಲು ತೆರೆದರೂ, ಕೊಡುವವರ ಸ್ವಂತ ಇಚ್ಛೆಯಿಂದ ಮಾತ್ರ. ೨೦೨೪ರ ಅಕ್ಟೋಬರಿನಲ್ಲಿ ತಮ್ಮ ೯೮ನೆಯ ವಯಸ್ಸಿನಲ್ಲಿ ಪುಟ್ಟಸ್ವಾಮಿಯವರು ಬೆಂಗಳೂರಿನಲ್ಲಿ ತೀರಿಕೊಂಡರು.

ಯಂತ್ರದ ಒಳಗನ್ನು ಬಲ್ಲವರು ಈ ಊರಿನಲ್ಲಿ ಲಕ್ಷಗಟ್ಟಲೆ ಇದ್ದರು. ಅದನ್ನು ಪ್ರಶ್ನಿಸಿ ಕಾಗದದ ಮೇಲೆ ಬರೆದು ಸಹಿ ಹಾಕಿದವರು ಮಾತ್ರ ಎಂಬತ್ತಾರು ವರ್ಷದ ಒಬ್ಬ ವಕೀಲ ವೃತ್ತಿಯವರು. ಗಣಕಪ್ರಿಯರನ್ನು ಕೊರೆದದ್ದು ಈ ಸಂಗತಿ.

ಸಂಜೆಯ ವೇಳೆಗೆ ಅವರು ಹುಡುಕಿ, ಓದಿ, ಒಂದು ಚೀಟಿಯನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಎದುರು ಮನೆಗೆ ಒಯ್ದರು. ಅದರಲ್ಲಿ ನಾಲ್ಕೇ ಅಂಶಗಳು. ಒಂದು: ಬಿಲ್ಲು ಹಾಕಲು ಫೋನ್ ನಂಬರನ್ನು ಕೊಡಲೇಬೇಕೆಂದಿಲ್ಲ, ಅದನ್ನು ಕಡ್ಡಾಯ ಮಾಡುವುದು ಅನುಚಿತ ವ್ಯಾಪಾರ ಪದ್ಧತಿಯೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ೨೦೨೩ರ ಮೇ ತಿಂಗಳಲ್ಲಿ ಅಂಗಡಿಗಳಿಗೆ ತಿಳಿಸಿದೆ. ಎರಡು: ಆಧಾರ್ ತೋರಿಸಲೇಬೇಕಾದ ಕಡೆ, ಮೊದಲ ಎಂಟು ಅಂಕೆಗಳನ್ನು ಮರೆಮಾಡಿ ಕೊನೆಯ ನಾಲ್ಕನ್ನಷ್ಟೇ ತೋರಿಸುವ ಪ್ರತಿಯನ್ನು ಇಳಿಸಿಕೊಳ್ಳಬಹುದು. ಮೂರು: ‘ಡಿಜಿಟಲ್ ಅರೆಸ್ಟ್’ ಎಂಬುದು ಯಾವ ಕಾಯಿದೆಯಲ್ಲಿಯೂ ಇಲ್ಲ, ಫೋನಿನಲ್ಲಿ ಯಾರನ್ನೂ ಬಂಧಿಸಲಾಗದು. ನಾಲ್ಕು: ಮೋಸವೆನಿಸಿದ ಕೂಡಲೆ ೧೯೩೦ಕ್ಕೆ ಫೋನು ಮಾಡಬೇಕು.

ಎರಡನೆಯ ಅಂಶದ ಕೆಳಗೆ ಅವರು ಒಂದು ವಿನೋದವನ್ನೂ ಬರೆಯಹೊರಟು ಬಿಟ್ಟರು. ೨೦೨೨ರ ಮೇ ೨೭ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ, ಆಧಾರ್ ಪ್ರತಿಯನ್ನು ಎಲ್ಲರಿಗೂ ಕೊಡಬೇಡಿ, ಅಂಕೆ ಮರೆಮಾಡಿದ ಪ್ರತಿಯನ್ನು ಬಳಸಿ ಎಂದು ಪ್ರಕಟಣೆ ಹೊರಡಿಸಿತ್ತು. ಎರಡು ದಿನಗಳಲ್ಲಿ, ತಪ್ಪು ಅರ್ಥಕ್ಕೆ ಎಡೆಯಾಗಬಹುದೆಂದು ಕೇಂದ್ರವು ಅದನ್ನು ಹಿಂತೆಗೆಯಿತು. ಸಾಮಾನ್ಯ ದಿನವಾಗಿದ್ದರೆ ಇದರ ಮೇಲೆ ಜಗಲಿಯಲ್ಲಿ ಒಂದು ಗಂಟೆಯ ಭಾಷಣವಾಗುತ್ತಿತ್ತು. ವೃದ್ಧೆಗೆ ಅದರಿಂದ ಉಪಯೋಗವಿಲ್ಲವೆಂದು ತೋರಿ, ಅಷ್ಟಕ್ಕೇ ನಿಲ್ಲಿಸಿದರು.

ಮುಂದಿನ ವಾರ ರಾಜಾಜಿನಗರದ ಅಂಗಡಿಯೊಂದರಲ್ಲಿ ಸಾಮಾನು ಕೊಂಡು ಆಕೆ ಸಾಲಿನಲ್ಲಿ ನಿಂತಿದ್ದರು. ಹುಡುಗ ಅಭ್ಯಾಸಬಲದಿಂದ “ನಂಬರ್ ಹೇಳಿ” ಎಂದ. ಆಕೆ ಪಾಠ ಒಪ್ಪಿಸುವಂತೆ, “ನಂಬರು ಕೊಡುವುದಿಲ್ಲಪ್ಪ, ಬಿಲ್ಲು ಕೊಡು” ಎಂದರು. ಹುಡುಗ ಒಮ್ಮೆ ಮೇಲೆ ನೋಡಿದ, ಮ್ಯಾನೇಜರನ ಕಡೆ ನೋಡಿದ, ಆತ ತಲೆಯಾಡಿಸಿದ. ಬಿಲ್ಲು ಬಂತು. ಭೂಮಿ ಬಾಯ್ಬಿಡಲಿಲ್ಲ.

ಆಕೆಯ ಹಿಂದೆ ಸಾಲಿನಲ್ಲಿದ್ದವರು ಗಣಕಪ್ರಿಯರೇ. ಅವರ ಸರದಿ ಬಂತು. ಹುಡುಗ ಕೇಳುವ ಮುನ್ನವೇ ಅವರ ಬಾಯಿಂದ “ಒಂಬತ್ತು, ಎಂಟು, ನಾಲ್ಕು…” ಎಂದು ಅಂಕೆಗಳು ಉದುರತೊಡಗಿದ್ದುವು. ನಂಬರು ಹೇಳಿದರೆ ಹನ್ನೆರಡು ರೂಪಾಯಿ ರಿಯಾಯಿತಿ. ವರ್ಷಗಳಿಂದ ಅವರು ಹಾಗೆ ಹೇಳುತ್ತಲೇ ಬಂದಿದ್ದರು. ವೃದ್ಧೆ ಚೀಲವನ್ನು ಎತ್ತಿಕೊಳ್ಳುತ್ತ ತಿರುಗಿ ನೋಡಿದರು, ಮಗ್ಗಿ ತಪ್ಪಿದ ಹುಡುಗನನ್ನು ನೋಡುವಂತೆ.

ಗಣಕಪ್ರಿಯರು ಕೆಮ್ಮಿದರು. “ಬೇಡ, ಬಿಲ್ಲು ಕೊಡಿ” ಎಂದು ಪೂರ್ತಿ ಹಣವನ್ನು ಎಣಿಸಿಟ್ಟರು. ಅವರ ಎಲ್ಲ ಅಭಿಪ್ರಾಯಗಳಲ್ಲಿ ಅವರಿಗೆ ಖರ್ಚು ತಗಲಿದ್ದು ಅದೇ ಮೊದಲನೆಯದು, ಹನ್ನೆರಡು ರೂಪಾಯಿ.