‘ಮೇಂಟೆನೆನ್ಸ್ ಫ್ರೀ’ ಡೆಕ್ ಅನ್ನೋ ಬುರುಡೆ

1/5
ಜಯನಗರ, ಬನಶಂಕರಿ ಕಡೆ ಹಳೇ ಮನೆ ಕೆಡವಿ ಹೊಸದು ಕಟ್ಟೋರಿಗೆಲ್ಲ ಈಗ ಟೆರೇಸ್ ಮೇಲೊಂದು ಡೆಕ್ ಬೇಕು. ಬಿಟಿಎಂ, ಜೆಪಿ ನಗರದ ಫ್ಲಾಟ್ ಆದ್ರೆ ಬಾಲ್ಕನಿಗೆ. ಶೋರೂಮಿಗೆ ಹೋದ್ರೆ ಒಂದೇ ಪಲ್ಲವಿ: “ಮರ ಯಾಕೆ ಸಾರ್? ಡಬ್ಲ್ಯುಪಿಸಿ ಹಾಕ್ಸಿ. ಗೆದ್ದಲಿಲ್ಲ, ಪಾಲಿಶ್ ಇಲ್ಲ, ಪರಿಸರ ಸ್ನೇಹಿ.” ನಿಮ್ಮ ಮನೇಲೂ ಈ ಮಾತು ನಡೀತಿದ್ರೆ, ಅಪ್ಪ ಅಡ್ವಾನ್ಸ್ ಕೊಡೋಕೆ ಮುಂಚೆ ಇದನ್ನ ಪೂರ್ತಿ ಓದಿ.

2/5
ಡಬ್ಲ್ಯುಪಿಸಿ ಅಂದ್ರೆ ವುಡ್ ಪ್ಲಾಸ್ಟಿಕ್ ಕಾಂಪೋಸಿಟ್. ಮರದ ಪುಡಿಯನ್ನ ಪಾಲಿಥಿನ್, ಪಿವಿಸಿ ಥರದ ಪ್ಲಾಸ್ಟಿಕ್ ಜೊತೆ ಬೆರೆಸಿ ಕಾಯಿಸಿ, ಅಚ್ಚಿನಿಂದ ಹಲಗೆ ತೆಗೀತಾರೆ. ಗೆದ್ದಲು ಸುಲಭಕ್ಕೆ ಮುಟ್ಟಲ್ಲ, ನಿಜ. ಆದ್ರೆ ಏಪ್ರಿಲ್ ಮಧ್ಯಾಹ್ನ ಅದರ ಮೇಲೆ ಬರಿಗಾಲಲ್ಲಿ ನಿಂತು ನೋಡಿ ಗುರೂ! ಬಿಸಿಲಿಗೆ ಹಿಗ್ಗುತ್ತೆ, ಜಾಗ ಬಿಡದೆ ಫಿಟ್ ಮಾಡಿದ್ರೆ ಬಾಗುತ್ತೆ. ಆಳವಾದ ಗೀರು ಬಿದ್ರೆ ಹಲಗೇನೇ ಬದಲಾಯಿಸ್ಬೇಕು. ಅಷ್ಟ್ರಲ್ಲಿ ಆ ಶೇಡ್ ಬರೋದೇ ನಿಂತಿರಬಹುದು. ಮರಕ್ಕೆ ಗೀರು ಬಿದ್ರೆ? ಉಪ್ಪುಕಾಗದ ಹಾಕಿ ಉಜ್ಜಿ, ಎಣ್ಣೆ ಹಚ್ಚಿ, ಮುಗೀತು. ಅವರು ‘ಮೇಂಟೆನೆನ್ಸ್ ಫ್ರೀ’ ಅಂತ ಮಾರ್ತಿರೋದರ ಸರಿಯಾದ ಹೆಸರು ‘ರಿಪೇರಿ ಆಗದ್ದು’.

3/5
ಈಗ ನಮ್ಮ ಬಿಕಾಂ ಲೆಕ್ಕ. ಸ್ಟ್ರೇಟ್ ಲೈನ್ ಡಿಪ್ರಿಸಿಯೇಶನ್ ನೆನಪಿದ್ಯಾ? ಕೊಂಡ ಬೆಲೆಯಲ್ಲಿ ಸ್ಕ್ರ್ಯಾಪ್ ವ್ಯಾಲ್ಯೂ ಕಳೆದು, ಬಾಳಿಕೆಯ ವರ್ಷಗಳಿಂದ ಭಾಗಿಸೋದು. ಎಕ್ಸಾಮ್ ಪ್ರಾಬ್ಲಮ್ ಥರ ಅಂಕಿ ಇಟ್ಕೊಳ್ಳಿ.
ಕಾಂಪೋಸಿಟ್: 1,00,000 ರೂ., ಸ್ಕ್ರ್ಯಾಪ್ 0, 10 ವರ್ಷ. ವರ್ಷಕ್ಕೆ 10,000.
ತೇಗ: 1,60,000 ರೂ., ಸ್ಕ್ರ್ಯಾಪ್ 40,000, 20 ವರ್ಷ. ವರ್ಷಕ್ಕೆ 6,000. ಎಣ್ಣೆ, ಕೂಲಿ ಅಂತ 3,000 ಸೇರಿಸಿದ್ರೂ 9,000.
ಇವು ನಾನು ಊಹಿಸಿಕೊಂಡ ಅಂಕಿ. ನಿಮಗೆ ಬಂದ ಕೊಟೇಶನ್ ಹಾಕಿ ನೀವೇ ಮಾಡಿ. ಶೋರೂಮಿನವರು ಚದರಡಿ ರೇಟ್ ಹೇಳ್ತಾರೆ, ಸ್ಕ್ರ್ಯಾಪ್ ಬಗ್ಗೆ ಬಾಯೇ ಬಿಡಲ್ಲ.

4/5
ಯಾಕೆ ಬಿಡಲ್ಲ ಅಂದ್ರೆ, ಹಳೇ ತೇಗದ ತೊಲೆ, ಬಾಗಿಲು ಕೊಳ್ಳೋಕೆ ಜನ ಇದಾರೆ. ಮರ, ಪ್ಲಾಸ್ಟಿಕ್ ಕಲಸಿದ ಹಲಗೇಲಿ ಎರಡನ್ನೂ ಮತ್ತೆ ಬೇರೆ ಮಾಡೋದು ಯಾರಿಗೆ ಬೇಕು? ಕೊನೆಗೆ ಊರಾಚೆ ಕಸದ ಗುಡ್ಡವೇ ಗತಿ. ಬೆಂಗಳೂರಿನ ಕಸ ಸಾಕು ಅಂತ ಮಂಡೂರಿನ ಜನ 2014ರಲ್ಲಿ ಬೀದಿಗಿಳಿದಿದ್ರು. ನಮ್ಮ ಡೆಕ್ ಹೊರೋಕೆ ಇನ್ನೊಂದು ಮಂಡೂರು ಹುಡುಕ್ಬೇಕಾ? ಇದಕ್ಕೆ ‘ಪರಿಸರ ಸ್ನೇಹಿ’ ಅನ್ನೋ ಸ್ಟಿಕರ್ ಬೇರೆ.

5/5
“ಮರ ಅಂದ್ರೆ ಕಾಡು ಕಡಿಯೋದಲ್ವಾ?” ಅಂತ ಕಾಮೆಂಟ್ ಬಂದೇ ಬರುತ್ತೆ. ನ್ಯಾಯವಾದ ಪ್ರಶ್ನೆ. ಅದಕ್ಕೇ ಹೊಸ ಬರ್ಮಾ ತೇಗ ಬೇಡ. 2021ರ ಸೇನಾ ದಂಗೆ ಆದ್ಮೇಲೆ ಮ್ಯಾನ್ಮಾರಿನ ಸರ್ಕಾರಿ ಮರದ ಕಂಪನಿ ಮೇಲೆ ಅಮೆರಿಕ, ಯುರೋಪಿಯನ್ ಯೂನಿಯನ್ ಎರಡೂ ನಿರ್ಬಂಧ ಹಾಕಿವೆ. ನಮ್ಮದೇ ಏರಿಯಾದಲ್ಲಿ ಕೆಡವ್ತಿರೋ ಮನೆಗಳ ಹಳೇ ಮರ ಕೇಳಿ. ಚೇಗು ಇರೋದನ್ನೇ ಆರಿಸಿ. ಅಂಚಿನ ಬಿಳಿ ಭಾಗಕ್ಕೆ ಗೆದ್ದಲು ಬೇಗ ಹಿಡಿಯುತ್ತೆ. ಹಲಗೆ ನಡುವೆ ಸಂದು, ಕೆಳಗೆ ಗಾಳಿ, ನೀರು ಹರಿಯೋಕೆ ವಾಟ ಇರಲಿ. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಎಣ್ಣೆ ಹಚ್ಚಿ. ಒಂದು ಭಾನುವಾರದ ಕೆಲಸ. ಅದೂ ಆಗಲ್ಲ ಅಂದ್ರೆ ಡೆಕ್ಕೇ ಬೇಡ, ಟೆರೇಸ್ ಮೇಲೆ ಚಾಪೆ ಹಾಸ್ಕೊಂಡು ಕೂತ್ಕೊಳ್ಳಿ.

ಮನೆಯವರಿಗೆ ಕಳ್ಸಿ. ಒಪ್ಪಲ್ಲ ಅನ್ನೋರು ಲೆಕ್ಕ ಸಮೇತ ಕಾಮೆಂಟಿಗೆ ಬನ್ನಿ.

#ಸೌತ್‌ಬೆಂಗಳೂರು #ಬಿಕಾಂಲೆಕ್ಕ #ಹಳೇಮರ